ಹಾಲು ಹೊತ್ತಿನ ಕಾಲು ಮೈಲಿ

ಕಾಲು ಮೈಲಿ ಕಾರ್ ರೇಸು ಅಂದರೆ ಈ ವಯಸ್ಸಿನಲ್ಲೂ ನನ್ನ ಎದೆ ಢವಢವ ಅನ್ನುತ್ತದೆ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಬಂಗಾರಪೇಟೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮಣ್ಣ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾರು ರಿಪೇರಿ ಮಾಡುತ್ತಿದ್ದ. ಮನೆ ಮಾತ್ರ ಬೂದಿಕೋಟೆ ರಸ್ತೆಯ ನಮ್ಮ ಹಳ್ಳಿಯಲ್ಲೇ. ಮೂರು ಹಸು, ಒಂದು ತುಂಡು ರಾಗಿ ಹೊಲ, ಅಮ್ಮ.

ಪುಟ್ಟ ಕಾರುಗಳು ಆಗಿನ್ನೂ ಹೊಸದು. ಗುದ್ದಿಸಿಕೊಂಡು ಮೂತಿ ಅಪ್ಪಚ್ಚಿಯಾದ ಒಂದು ಬಿಳಿ ಕಾರನ್ನು ಅಣ್ಣ ಗುಜರಿಯವರಿಂದ ತಂದ. ಎರಡು ವರ್ಷ ಅದಕ್ಕೆ ಸೇವೆ ಮಾಡಿದ, ನನ್ನ ಮದುವೆ ಮಾತು ಬಂದಾಗಲೂ ಅಷ್ಟು ಓಡಾಡಿದವನಲ್ಲ. ಹಿಂದಿನ ಸೀಟು ಕಿತ್ತೆಸೆದ. ಸೈಲೆನ್ಸರ್ ಕಳಚಿದ. ನಂದಿದುರ್ಗ ಗಣಿಯ ಕೂಲಿಲೈನಿನ ಮನೆಯಲ್ಲಿದ್ದ, ಅಲ್ಲೇ ಫಿಟ್ಟರ್ ಆಗಿ ನಿವೃತ್ತರಾದ ಯಜಮಾನರ ಹತ್ತಿರ, ಶಕ್ತಿ ಹೆಚ್ಚಲಿ ಎಂದು ಇಂಜಿನ್ನಿನ ಹೆಡ್ಡನ್ನು ಲೇತಿಗೆ ಹಿಡಿಸಿ ಕೂದಲೆಳೆಯಷ್ಟು ಹೆರೆಸಿಕೊಂಡು ಬಂದ. ಅದು ಸ್ಟಾರ್ಟ್ ಆದರೆ ನಮ್ಮ ಹಸುಗಳು ಗೂಟ ಕಿತ್ತುಕೊಂಡು ಹೋಗುತ್ತಿದ್ದವು.

ಕೋಲಾರ, ಬಂಗಾರಪೇಟೆಗಳಲ್ಲಿ ಇದೇ ಹುಚ್ಚು ಹಿಡಿದ ಇನ್ನೂ ನಾಲ್ಕೈದು ಮೆಕ್ಯಾನಿಕ್‌ಗಳಿದ್ದರು. ಎಲ್ಲ ಸೇರಿ ನಮ್ಮೂರ ಕೆರೆಯ ಪಕ್ಕದ ರಸ್ತೆಯಲ್ಲಿ ರೇಸು ಇಡುವುದೆಂದು ಗೊತ್ತುಮಾಡಿದರು. ರಸ್ತೆ ಗೆರೆ ಎಳೆದ ಹಾಗೆ ನೇರ. ಕೆರೆ ಏರಿಯ ಮೇಲೆ ಕೂತರೆ ಈ ತುದಿಯಿಂದ ಆ ತುದಿ ಕಾಣುತ್ತದೆ. ಎರಡು ಕಾರು ಅಕ್ಕಪಕ್ಕ ನಿಲ್ಲಬೇಕು, ಟವೆಲ್ ಬೀಸಿದ ಕೂಡಲೇ ಬಿಡಬೇಕು, ಕಾಲು ಮೈಲಿ ಆಚೆಯ ಹುಣಸೆಮರ ಮೊದಲು ದಾಟಿದವನು ಗೆದ್ದ. ಅಷ್ಟೇ ಆಟ. ರಸ್ತೆ ಬಂದ್ ಮಾಡಲು ಪಂಚಾಯ್ತಿ ಛೇರ್ಮನ್ನರನ್ನು ಕೇಳಿದಾಗ ಅವರು ಒಪ್ಪಿಕೊಂಡರು.

ಮೊದಲ ಭಾನುವಾರ ಜನ ಬಂದಿದ್ದರು, ಸುಳ್ಳೇಕೆ ಹೇಳಲಿ. ಅಣ್ಣನ ಸ್ನೇಹಿತನೊಬ್ಬ ಮೈಕು ಹಿಡಿದು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಮೂರು ಸಲ ವಿವರಿಸುತ್ತಿದ್ದ. ಕನ್ನಡದಲ್ಲಿ "ಈಗ ಹೊರಡುತ್ತವೆ" ಅಂದು ತಮಿಳಿಗೆ ಬರುವಷ್ಟರಲ್ಲಿ ಕಾರುಗಳು ಹುಣಸೆಮರ ದಾಟಿಯಾಗಿತ್ತು. ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳಲು ತಲೆ ತಗ್ಗಿಸಿದವರಿಗೆ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಏರಿ ಖಾಲಿ. ಎರಡನೆಯ ಭಾನುವಾರ ಇನ್ನೂ ಮೋಸ. ಕೆ.ಜಿ.ಎಫ್ ಕಡೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ, ಅವತ್ತು ಅಲ್ಲಿ ಮ್ಯಾಚಿತ್ತು, ಅವರಿಗೆ ಫುಟ್ಬಾಲಿದ್ದರೆ ಊಟವೂ ಬೇಡ. ಊರವರು ಬಂದು ಕೂತರು, ನಾಲ್ಕೂವರೆಗೆ ಮೊದಲ ಜೋಡಿ ಹೊರಡುವಷ್ಟರಲ್ಲಿ ಒಬ್ಬೊಬ್ಬರಾಗಿ ಸೀರೆ ಪಂಚೆ ಕೊಡವಿಕೊಂಡು ಎದ್ದು ಹೋದರು.

ನನಗೆ ಪಿತ್ತ ನೆತ್ತಿಗೇರಿತು. ಅಣ್ಣ ಮಾತ್ರ ಕಾರಿನ ಗಾಜು ಒರೆಸುತ್ತಾ ನಿಂತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

ಛೇರ್ಮನ್ನರು ಬಂದು ಮೆಲ್ಲಗೇ ಹೇಳಿದರು. "ನೋಡಪ್ಪ, ಜನ ಬತ್ತಾರೆ ಅಂತ ನೀನಂದೆ, ನಾನು ರಸ್ತೆ ಕೊಟ್ಟೆ. ಯಾರೂ ನಿಲ್ಲಲ್ಲ ಅಂದ್ರೆ ಬಸ್ಸು ಯಾಕ್ ನಿಲ್ಲಿಸ್ಲಿ? ಮುಂದಿನ್ ವಾರ ಒಂದೇ. ಕೊನೇವರ್ಗೂ ಜನ ಕೂತ್ರೆ ಸರಿ, ಇಲ್ಲಾಂದ್ರೆ ನಿಮ್ ಓಟ ಬೇರೆ ಎಲ್ಲಾದ್ರೂ ಇಟ್ಕಳ್ರಿ."

ಬೇರೆ ಎಲ್ಲಿ? ಕೇಳದ ಊರಿಲ್ಲ, ಕೊಟ್ಟವರಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಾನು ಊರವರನ್ನು ಬಾಯಿಗೆ ಬಂದಂತೆ ಬೈದೆ. ಮುದ್ದೆ ಬಡಿಸುತ್ತಿದ್ದ ಅಮ್ಮ ಕೇಳುವಷ್ಟು ಕೇಳಿ, "ಮುಚ್ಚೇ ಬಾಯಿ" ಅಂದಳು. "ನಾಕೂವರೆ ಅಂದ್ರೆ ಅಸ ಕರ್ಯೋ ಒತ್ತು. ಕೆಚ್ಚಲು ಬಿಗ್ದಿರೋ ಅಸ ಬಿಟ್ಟು ನಿಮ್ ಕಾರ್ ನೋಡ್ತಾರಾ? ಯಾರೇ ಇಟ್ಟೋರು ಆ ಟೈಮು?"

ಇಟ್ಟವನು ಅಣ್ಣ. ಹಗಲು ಪಾಳಿ ಬಿಡುವ ಗಣಿ ಸೈರನ್ ಲೆಕ್ಕ ಹಿಡಿದು, ಅಲ್ಲಿಂದ ಬಸ್ಸು ಹತ್ತಿ ಬರುವವರಿಗೆ ಅನುಕೂಲವಾಗಲಿ ಎಂದು ಇಟ್ಟಿದ್ದ. ಬಾರದವರಿಗಾಗಿ ಹೊತ್ತು ಗೊತ್ತುಮಾಡಿ, ಬಂದವರನ್ನು ಓಡಿಸಿದ್ದೆವು. ನಾನಾದರೂ ಹಸು ಕಟ್ಟಿದ ಮನೆಯ ಹುಡುಗಿ, ನನಗಾದರೂ ಹೊಳೆಯಬೇಡವೇ? ಆ ಎರಡೂ ಭಾನುವಾರ ಅಮ್ಮ ಒಬ್ಬಳೇ ಮೂರೂ ಹಸು ಕರೆದು ಡೈರಿಗೆ ಹಾಲು ಹೊತ್ತಿದ್ದಳು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಮೂರನೆಯ ಭಾನುವಾರ ರೇಸು ಐದೂವರೆಗೆ ಇಟ್ಟೆವು. ಹಾಲಿನ ಡೈರಿ ಇರುವುದು ಅದೇ ರಸ್ತೆಯಲ್ಲಿ, ಏರಿಯ ಕೆಳಗೆ. ಆ ಹೊತ್ತಿಗೆ ಊರಿಗೆ ಊರೇ ಪಾತ್ರೆ ಕ್ಯಾನು ಹಿಡಿದು ಅಲ್ಲಿಗೆ ಬರುತ್ತದೆ. ಡೈರಿಯ ಹುಡುಗ ಕಂಬಿ ತುಂಡಿಗೆ ಸುತ್ತಿಗೆಯಿಂದ ಢಣಢಣ ಬಡಿದರೆ ಹಾಲು ಅಳೆಯಲು ಶುರು, ಸರದಿ ತಪ್ಪಿಸಿಕೊಂಡವರಿಲ್ಲ. ಅವರನ್ನು ಅಲ್ಲೇ ಹಿಡಿಯೋಣ ಎಂದು ನನ್ನ ಯೋಚನೆ. ಮೈಕನ್ನೂ ನಾನೇ ಕಿತ್ತುಕೊಂಡೆ.

ಮೊದಲ ಜೋಡಿ ಹೋಯಿತು. ಹೊಗೆ, ಸದ್ದು, ಧೂಳು, ಮುಗಿಯಿತು. ಪಾತ್ರೆ ಸೊಂಟಕ್ಕಿಟ್ಟುಕೊಂಡ ಒಬ್ಬ ಅಜ್ಜಿ ಕೇಳಿದಳು.

"ಮುಗೀತೇನವ್ವ? ಯಾರ್ ಗೆದ್ರು?"

"ನೀಲಿ ಕಾರು ಅಜ್ಜಿ. ಕೋಲಾರದವರದು."

"ಕೋಲಾರ್ದೋರ್ ಗೆದ್ರೆ ನಂಗೇನು?" ಅಂದು ಡೈರಿ ಕಡೆ ತಿರುಗಿದಳು.

ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ. ರಸ್ತೆ ಪಕ್ಕದಲ್ಲಿ ನಮ್ಮೂರ ಹಳೇ ಕಪ್ಪು ಟ್ಯಾಕ್ಸಿ ನಿಂತಿತ್ತು. ಅದರ ಡ್ರೈವರ್ ತಾತ ಬಾನೆಟ್ಟಿಗೊರಗಿ ಬೀಡಿ ಸೇದುತ್ತಿದ್ದ. ನಾನು ಮೈಕಿನಲ್ಲಿ ಕೂಗಿಯೇಬಿಟ್ಟೆ. "ಈ ಟ್ಯಾಕ್ಸೀಲಿ ಬಂಗಾರಪೇಟೆ ಆಸ್ಪತ್ರೆಗೆ ಓಗಿ ಎರಿಗೆ ಆದೋರು ಯಾರ್ ಯಾರಿದೀರ? ಇದ್ರಲ್ಲಿ ಮದ್ವೆ ದಿಬ್ಬಣ ಓದೋರು? ಕೈ ಎತ್ತಿ ನೋಡನ." ಒಂದು ಕೈ ಎದ್ದಿತು, ಹತ್ತು ಎದ್ದವು, ಆಮೇಲೆ ನಗು ಎದ್ದಿತು. ಡೈರಿಯ ಹುಡುಗನನ್ನು ತೋರಿಸಿ ಯಾರೋ ಕೂಗಿದರು, "ಇವ್ನು ಆಸ್ಪತ್ರೆವರ್ಗೂ ಕಾಯ್ನಿಲ್ಲ, ಇಂದಿನ್ ಸೀಟ್ನಾಗೇ ಉಟ್ದ." ಅವನು ನಾಚಿಕೊಂಡು ಸುತ್ತಿಗೆ ಕೆಳಗಿಟ್ಟ. "ನಮ್ ಟ್ಯಾಕ್ಸಿ ಈ ಬಿಳಿ ಕಾರ್ ಜೊತೆ ಓಡುತ್ತಾ?" ಅಂದೆ. ಏರಿ ತುಂಬ ಒಂದೇ ಗದ್ದಲ.

ತಾತ ಮೊದಲು ತಲೆ ಆಡಿಸಿದ. "ಎದೆ ಒಡೆದೋಗ್ತದೆ ಇದಕ್ಕೆ" ಅಂದ. ಅಣ್ಣ ನಕ್ಕದ್ದೇ ತಪ್ಪಾಯಿತು. ತಾತ ಬೀಡಿ ಎಸೆದು ಸ್ಟೇರಿಂಗ್ ಮುಂದೆ ಕೂತ.

ಆಗ ಶುರುವಾಯಿತು ಚೌಕಾಸಿ. ಮುದಿ ಟ್ಯಾಕ್ಸಿಯನ್ನು ಗೆರೆಗಿಂತ ಮುಂದೆ ನಿಲ್ಲಿಸಬೇಕು ಎಂದು ಊರು, ಎಷ್ಟು ಎಂದು ಅಣ್ಣ. ನಲವತ್ತು ಹೆಜ್ಜೆ ಅಂದ ಅವನು. ನೂರು ಅಂದರು ಇವರು. ಯಾರ ಹೆಜ್ಜೆ ಎಂಬುದಕ್ಕೆ ಇನ್ನೊಂದು ಜಗಳ. ಕಡೆಗೆ ಹಾಲಿನ ಕ್ಯಾನು ಕೈಯಲ್ಲಿ ಹಿಡಿದೇ ಛೇರ್ಮನ್ನರು ಎಂಬತ್ತು ಹೆಜ್ಜೆ ಅಳೆದರು. ಅವರು ಉದ್ದ ಕಾಲು ಹಾಕುತ್ತಿದ್ದರು ಎಂದು ಅಣ್ಣ ಇವತ್ತಿಗೂ ಹೇಳುತ್ತಾನೆ. ಇಪ್ಪತ್ತು ಸೆಕೆಂಡಿನ ಓಟಕ್ಕೆ ಅರ್ಧ ಗಂಟೆ ಜಗಳ, ಅಷ್ಟು ಹೊತ್ತೂ ಒಬ್ಬರೂ ಕದಲಲಿಲ್ಲ. ಹಾಲಿನ ವ್ಯಾನು ಬಂದು ನಿಂತು ಹಾರನ್ ಹೊಡೆಯಿತು. ಯಾರೂ ತಿರುಗಿ ನೋಡಲಿಲ್ಲ. ನಾನು ನೋಡಿದೆ. ನೋಡಿ, ಖುಷಿಗೆ ಮೈಕಿನಲ್ಲಿ ಇನ್ನೂ ಜೋರಾಗಿ ಕೂಗಿದೆ.

ಟವೆಲ್ ಬೀಸಿದರು. ಟ್ಯಾಕ್ಸಿ ಕರಿ ಹೊಗೆ ಕಾರಿ ಅಲ್ಲಾಡುತ್ತಾ ಎದ್ದಿತು. ಅಣ್ಣನ ಕಾರು ಕಿರುಚಿಕೊಂಡು ಹಾರಿತು. ಏರಿಯ ಮೇಲೆ ಎಲ್ಲರೂ ಎದ್ದು ನಿಂತಿದ್ದರು, ಕನ್ನಡ ತೆಲುಗು ಎಲ್ಲ ಕಲಸಿಹೋಗಿ ಬರೀ ಕೂಗು. ಮೈಕಿನಲ್ಲಿ ನಾನೇನು ಅಂದೆನೋ ದೇವರಿಗೇ ಗೊತ್ತು, ಆಮೇಲೆ ಎರಡು ದಿನ ಗಂಟಲು ಬಿದ್ದುಹೋಗಿತ್ತು. ಅರ್ಧ ದಾರಿಗೂ ಟ್ಯಾಕ್ಸಿಯೇ ಮುಂದೆ. ಮುಕ್ಕಾಲಿಗೂ ಅದೇ ಮುಂದೆ. ಹುಣಸೆಮರ ಇನ್ನೇನು ಬಂತು ಅನ್ನುವಾಗ ಬಿಳಿ ಕಾರು ಪಕ್ಕಕ್ಕೆ ಬಂತು, ಒಂದು ಮೊಳ ಮುಂದಾಯಿತು, ದಾಟಿತು.

ಅಣ್ಣ ಗೆದ್ದ. ಚಪ್ಪಾಳೆ ಇಲ್ಲ, ಏನಿಲ್ಲ. ಅವನು ಕಾರು ತಿರುಗಿಸಿಕೊಂಡು ಬಂದು ಇಳಿದಾಗ ಜನ ಮುತ್ತಿಕೊಂಡರು, ಬೈಯಲು. ಎಂಬತ್ತು ಸಾಲದು, ನೂರೇ ಕೊಡಬೇಕಿತ್ತು ಅಂದರು. ಟ್ಯಾಕ್ಸಿಯ ಹಿಂದಿನ ಸೀಟು ಯಾಕೆ ಕೀಳಿಸಲಿಲ್ಲ ಅಂದರು. ಮೊದಲು ಡೈರಿ ಕಡೆ ತಿರುಗಿದ್ದ ಅದೇ ಅಜ್ಜಿ, ಪಾತ್ರೆ ಸೊಂಟದಲ್ಲೇ ಇಟ್ಟುಕೊಂಡು, "ಮೋಸ ಮಾಡ್ದೆ ಕಣ್ಲಾ" ಅಂದಳು. ಆ ಮೂರು ವಾರದಲ್ಲಿ ಅಣ್ಣನ ಓಟದ ಬಗ್ಗೆ ಊರವರು ಬಾಯಿ ಬಿಟ್ಟದ್ದು ಅದೇ ಮೊದಲು. ಅಣ್ಣನಿಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಇತ್ತು.

ವ್ಯಾನು ಹೊರಟುಹೋಗಿತ್ತು. ಯಾರೂ ಹಾಲು ಹಾಕಿರಲಿಲ್ಲ. ಛೇರ್ಮನ್ನರು ಕ್ಯಾನಿನ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು. "ಮುಂದಿನ್ ವಾರ ಆಲ್ ಅಳೆದ್ಮೇಲೆ ಇಟ್ಕಳ್ರಪ್ಪ, ನಿಧಾನಕ್ ಜಗಳ ಆಡ್ಬೌದು" ಅಂದು ಮನೆ ಕಡೆ ನಡೆದರು.

ಗುಂಪಿನಲ್ಲಿ ಅಮ್ಮನೂ ನಿಂತಿದ್ದಳು, ತುಂಬಿದ ಪಾತ್ರೆ ಹಿಡಿದು. ಕೂಗಿ ಕೂಗಿ ಮುಖ ಕೆಂಪಾಗಿತ್ತು. ಅಣ್ಣ ಹತ್ತಿರ ಹೋಗಿ ಕೇಳಿದ, "ನೀನಾದ್ರೂ ನನ್ ಕಡೆ ಕೂಗ್ದೇನಮ್ಮ?"

"ಇಲ್ಲ ಕಣೋ" ಅಂದಳು ಅಮ್ಮ. "ನಿನ್ನ ಎರೋಕ್ಕೆ ಆಸ್ಪತ್ರೆಗೆ ಅದ್ರಾಗೇ ಓಗಿದ್ದು. ದಾರಿ ಪೂರ್ತಿ ಅದಕ್ಕೇ ಕೈ ಮುಗ್ಕೊಂಡ್ ಓಗಿದ್ದೆ, ಇವತ್ತು ಎಂಗೆ ಬಿಟ್ಕೊಡ್ಲೋ?"

ಅಣ್ಣ ತನ್ನ ಕಾರಿನಿಂದ ಸ್ಪ್ಯಾನರ್ ಚೀಲ ತಂದು, ತಾತನನ್ನು ಪಕ್ಕಕ್ಕೆ ಸರಿಸಿ, ಟ್ಯಾಕ್ಸಿಯ ಬಾನೆಟ್ ಎತ್ತಿದ.