ಗುಂಡ್ಲುಪೇಟೆಯ ಕಾಲ್ ಕಟ್ಟಾಗುತ್ತಿದ್ದ ದಿನಗಳು

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ ನನಗೆ ವಿಡಿಯೋ ಸರ್ವರ್ ನೋಡಿಕೊಳ್ಳುವ ಕೆಲಸ. ಗುಂಡ್ಲುಪೇಟೆಯಲ್ಲಿ ನಮ್ಮದೇ ಒಂದು ಚಿಕ್ಕ ಕ್ಲಿನಿಕ್ಕಿತ್ತು. ಅಲ್ಲಿಗೆ ಬಂದವರನ್ನು ಇಲ್ಲಿಯ ಡಾಕ್ಟರು ಟೀವಿ ಪರದೆಯಲ್ಲೇ ನೋಡಿ ಔಷಧಿ ಹೇಳುತ್ತಿದ್ದರು. ಆ ಕಡೆ ಕ್ಯಾಮೆರಾ, ರಿಮೋಟು, ರೋಗಿ ಎಲ್ಲವನ್ನೂ ಸಂಭಾಳಿಸುತ್ತಿದ್ದವರು ಒಬ್ಬರೇ ಸಿಸ್ಟರ್. ಅದೇ ಊರಿನ ಮುಸ್ಲಿಂ ಮನೆಯವರು. ಮನೆಯಲ್ಲಿ ಉರ್ದು, ಕ್ಲಿನಿಕ್ಕಿನಲ್ಲಿ ಅಪ್ಪಟ ಗುಂಡ್ಲುಪೇಟೆ ಕನ್ನಡ.

ಇದ್ದಕ್ಕಿದ್ದಂತೆ ಈ ವಿಡಿಯೋ ಕಾಲ್ ನಡುನಡುವೆ ಕಟ್ಟಾಗತೊಡಗಿತು.

"ಏನ್ರೀ ಇದು? ಏನು ತೊಂದರೆ ಅಂತ ಕೇಳೋಷ್ಟರಲ್ಲಿ ಹೋಗುತ್ತೆ!" ಡಾಕ್ಟರು ನನ್ನ ಮೇಲೆ ಸಿಡುಕಿದರು.

ಕೇಬಲ್ ಬದಲಿಸಿದೆ, ಲೈನಿನವರನ್ನು ಕರೆಸಿದೆ. ಏನೂ ಗುಣ ಕಾಣಲಿಲ್ಲ. ಸರ್ವರ್ ತನ್ನಲ್ಲಿ ನಡೆದದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಲಾಗ್ ಅನ್ನುತ್ತೇವೆ. ಎಷ್ಟು ವಿವರವಾಗಿ ಬರೆಯಬೇಕು ಅನ್ನುವುದನ್ನು ನಾವೇ ಗೊತ್ತುಮಾಡಬೇಕು. ನಮ್ಮದು ತೀರಾ ಕೆಳಗಿನ ಮಟ್ಟದಲ್ಲಿತ್ತು. ಕಾಲ್ ಶುರುವಾಯಿತು, ಕಾಲ್ ಮುಗಿಯಿತು, ಅಷ್ಟೇ. ಮಟ್ಟ ಏರಿಸಿದೆ. ಮಾರನೆಯ ದಿನ ಎರಡೂ ಕಡೆಯ ಯಂತ್ರಗಳು ಆಡಿಕೊಂಡ ಒಂದೊಂದು ಮಾತೂ ಸಾಲುಸಾಲಾಗಿ ಬಂತು. ಲೈನು ಎಲ್ಲೂ ಸತ್ತಿರಲಿಲ್ಲ. ಪ್ರತಿ ಸಲವೂ ಕಾಲ್ ಮುಗಿಸುವ ಸಂದೇಶ ಗುಂಡ್ಲುಪೇಟೆಯಿಂದಲೇ ಬಂದಿತ್ತು. ಅಂದರೆ ಅಲ್ಲಿ ಯಾರೋ ಗುಂಡಿ ಒತ್ತುತ್ತಿದ್ದರು.

ಡಾಕ್ಟರಿಗೆ ಹೇಳದೆ ಬಸ್ಸು ಹತ್ತಿದೆ. ಪೇಟೆ ಹತ್ತಿರ ಬಸ್ಸು ಈರುಳ್ಳಿ ಲಾರಿಗಳ ಹಿಂದೆ ತೆವಳಿತು. ಇಳಿದು ಕ್ಲಿನಿಕ್ಕಿನ ಬಾಗಿಲಿಗೆ ಬರುವಾಗ ಕಾಲ್ ಆಗಷ್ಟೇ ಶುರುವಾಗುತ್ತಿತ್ತು. ಟೀವಿ ಮುಂದೆ ಬೆಟ್ಟದ ಕಡೆಯ ಹಳ್ಳಿಯ ಅಜ್ಜಿಯೊಬ್ಬರು, ಹಣೆ ತುಂಬ ವಿಭೂತಿ. ಪರದೆಯ ಮೇಲೆ ಡಾಕ್ಟರ ಮುಖ ಕಂಡದ್ದೇ ತಡ, ಸೆರಗೆಳೆದುಕೊಂಡು ಗೋಡೆ ಕಡೆ ತಿರುಗಿಬಿಟ್ಟರು.

"ಅಯ್ಯೋ, ಗಂಡಸ್ರ ಮುಂದ ಅದ್ನೆಂಗವ್ವ ಯೇಳ್ಲಿ? ಅವಪ್ಪ ನನ್ನೇ ನೋಡ್ತಾ ಕುಂತವ್ನೆ!"

ಸಿಸ್ಟರ್ ಸದ್ದಿಲ್ಲದೆ ರಿಮೋಟಿನ ಗುಂಡಿ ಒತ್ತಿದರು. ತಿರುಗಿದರೆ ಬಾಗಿಲಲ್ಲಿ ನಾನು. ಅವರ ಮುಖ ಸಪ್ಪಗಾಯಿತು.

"ಡಾಕ್ಟ್ರು ಕಳ್ಸುದ್ರಾ ಸಾರ್?"

"ಇಲ್ಲ ಸಿಸ್ಟರ್. ಯಾರಿಗೂ ಹೇಳಿಲ್ಲ."

"ಬಲವಂತ ಮಾಡುದ್ರೆ ಇವ್ರಂಥ ಎಂಗಸ್ರು ಇನ್ನೊಂದ್ ಸಲ ಈ ಕಡೆ ತಲೇನೇ ಆಕಲ್ಲ. ನಾಚ್ಕೋತಾರೆ ಅಂದ್ರೆ ಡಾಕ್ಟ್ರು ಬೇಜಾರ್ ಮಾಡ್ಕೋತಾರೆ. ಅದ್ಕೇ ಲೈನ್ ಓಯ್ತು ಅಂತೀನಿ. ಆಮೇಲೆ ನಾನೇ ಕೇಳಿ ತಿಳ್ಕಂಡು ಫೋನಲ್ಲಿ ಯೇಳ್ತೀನಿ."

ಅಜ್ಜಿಯ ತೊಂದರೆ ಏನೆಂದು ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಾಕ್ಟರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ.

"ನನ್ನ ಮುಖ ಕಂಡೇ ಹೆದರಿದ್ರಾ? ಹಾಗಾದ್ರೆ ಚಿತ್ರ ನಿಲ್ಲಿಸಿಬಿಡಿ. ಮಾತಷ್ಟೇ ಸಾಕು."

ಎರಡೂ ಕಡೆ ಚಿತ್ರ ನಿಲ್ಲಿಸಿ, ಮತ್ತೆ ಕಾಲ್ ಹಚ್ಚಿಕೊಟ್ಟು, ಬಾಗಿಲೆಳೆದುಕೊಂಡು ಹೊರಗೆ ನಿಂತೆ. ಒಳಗೆ ಅಜ್ಜಿಯ ದನಿ ಮೊದಲು ಪಿಸುಪಿಸು, ಆಮೇಲೆ ಬರಬರುತ್ತ ಬಿಚ್ಚಿಕೊಂಡಿತು. ಸಿಸ್ಟರ್ ಹೊರಗೆ ಬಂದರು. ನನ್ನನ್ನು ಕೂರಿಸಿ ಟೀ ತರಿಸಿದರು. ಅಷ್ಟು ವಿವರ ಬರೆಸಿದರೆ ಡಿಸ್ಕು ಸುಮ್ಮನೆ ತುಂಬುತ್ತದೆಂದು ಚಾಮರಾಜನಗರಕ್ಕೆ ಮರಳಿ ಲಾಗಿನ ಮಟ್ಟ ಇಳಿಸಿದೆ.

ಕೆಲವು ವಾರಗಳ ಮೇಲೆ ಅಜ್ಜಿ ಮತ್ತೆ ಬಂದರು, ಗುಣವಾಗಿತ್ತು. ನಾನು ಚಾಮರಾಜನಗರದಲ್ಲಿ ಡಾಕ್ಟರ ಪಕ್ಕದಲ್ಲೇ ಇದ್ದೆ, ಚಿತ್ರ ಹಾಕಿರಲಿಲ್ಲ. "ಆ ಮಾತಾಡವಪ್ಪನ ಮಕ ವಸಿ ತೋರ್ಸವ್ವ" ಎಂದು ಅಜ್ಜಿ ಸಿಸ್ಟರಿಗೆ ಹೇಳುವುದು ಕೇಳಿಸಿತು. ಚಿತ್ರ ಹಾಕಿದೆ. ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದರು.

"ನನ್ ಕಿರೀಮಗನ್ ವಯಸ್ಸು ಕಣವ್ವ! ಇಷ್ಟೊಂದು ಬಡ್ಕಲಾಗವ್ನಲ್ಲ. ಲೇ ಮಗ, ಒತ್ತೊತ್ಗೆ ಉಣ್ಣಕಿಲ್ವಾ?"

ಎಲ್ಲರ ಮೇಲೂ ರೇಗುತ್ತಿದ್ದ ಡಾಕ್ಟರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಉಣ್ತೀನಿ ಕಣಮ್ಮ" ಅಂದರು.