ಎಂಜಿನ್ ಪುಸ್ತಕದ ಕಪ್ಪು ಕೈ

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ಸುದ್ದಿಯನ್ನು ಕೆರೆಬಿಳಚಿಯಲ್ಲಿ ಹಬ್ಬಿಸಿದವನು ನಾನೇ. ಬರುತ್ತಿದ್ದದ್ದು ಶಾಲೆಯ ಪಾಠಪುಸ್ತಕದಷ್ಟು. ಆದರೆ ಮೇಷ್ಟರ ಕೋಟು ತೊಟ್ಟವನು ಅದನ್ನೆಲ್ಲ ಬಿಡಿಸಿ ಹೇಳುತ್ತಾನೆಯೇ?

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು ನಮ್ಮೂರಿನ ರಹೀಮ್ ಸಾಹೇಬರು ಹಿಟ್ಟಿನ ಗಿರಣಿ ಹಾಕಿದರು. ಎಣ್ಣೆ ಎಂಜಿನ್ನಿನ ಜೊತೆ ಒಂದು ಇಂಗ್ಲಿಷ್ ಪುಸ್ತಕವೂ ಬಂತು. ಎಂಜಿನ್ ಕೂರಿಸಿದ ಮೇಸ್ತ್ರಿ ಅದನ್ನು ನಡೆಸುವುದು ಹೇಗೆಂದು ಕಲಿಸಿ ತನ್ನೂರಿಗೆ ಹೊರಟುಹೋದ. ಪುಸ್ತಕ ನನ್ನ ಪಾಲಿಗೆ ಬಂತು.

"ಮೇಷ್ಟ್ರೇ, ಈ ಕಪ್ಪು ಕೈ ಏನು ಹೇಳ್ತೈತೆ, ನೋಡ್ರಿ" ಎಂದರು ಸಾಹೇಬರು.

ಎಂಜಿನ್ನಿನಿಂದ ಗಿರಣಿ ತಿರುಗಿಸುವ ಬೆಲ್ಟಿನ ಚಿತ್ರದ ಪಕ್ಕದಲ್ಲಿ ಬೆರಳು ಚಾಚಿದ ಪುಟ್ಟ ಕೈ, ಕೆಳಗೆ ಎರಡು ಸಾಲು. ಆ ಸಾಲುಗಳಲ್ಲಿ ನನಗೆ ಪರಿಚಯವಿದ್ದ ಪದಗಳು ಎರಡೇ: ಕೈ ಮತ್ತು ಬೆಲ್ಟು. ಹೊನ್ನಾಳಿ ರಸ್ತೆಯ ಕೈಮರದ ಮೇಲೂ ಇಂಥದೇ ಕೈ ಇತ್ತು. ಅದು ತೋರಿದತ್ತ ನಡೆದವನಿಗೆ ಊರು ಸಿಗುತ್ತಿತ್ತು. ಅಷ್ಟು ಪಾಂಡಿತ್ಯ ನನಗೆ ಸಾಕಾಯಿತು.

"ಇಲ್ಲಿ ಕೈಯಿಟ್ಟು, ಬೆಲ್ಟು ಬಿಗಿ ಐತೋ ಇಲ್ವೋ ನೋಡ್ಬೇಕಂತೆ" ಎಂದುಬಿಟ್ಟೆ.

ಜೋಳ ಕೇರುತ್ತಿದ್ದ ಸಾಹೇಬರ ಹೆಂಡತಿ ಫಾತಿಮಾಬಿ ಎದ್ದು ಬಂದು ಇಣುಕಿದರು. ಯಾವ ಭಾಷೆಯ ಅಕ್ಷರವನ್ನೂ ಕಲಿತವರಲ್ಲ. "ನಮ್ಮಮ್ಮ ಒಲೆ ಕಡೆ ಬೆರಳು ತೋರ್ಸಿದ್ರೆ ಮುಟ್ಟು ಅಂತ ಅಲ್ರೀ, ಹುಷಾರು ಅಂತ. ಇದೂ ಹಂಗೇ ಕಾಣ್ತೈತೆ."

"ಓದಿದೋರು ಹೇಳಾಕತ್ತಾರೆ, ಸುಮ್ನಿರು" ಎಂದರು ಸಾಹೇಬರು. ನಾನು ನಕ್ಕೆ. ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮರುದಿನ ಬೆಳಿಗ್ಗೆ ಗೋಧಿ ಬೀಸಿಸಲು ಹೋಗಿದ್ದೆ. ಎಂಜಿನ್ ಭರದಿಂದ ಓಡುತ್ತಿತ್ತು. ಸಾಹೇಬರು ಬಗ್ಗಿ, ನನ್ನ ಮಾತನ್ನು ನಂಬಿ, ಬೆಲ್ಟಿಗೆ ಕೈ ಚಾಚಿದರು. ಫಾತಿಮಾಬಿ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದರು. ಸಾಹೇಬರು ಹಿಂದಕ್ಕೆ ಬಿದ್ದರು. ಹೆಗಲ ಮೇಲಿನ ಟವೆಲ್ಲು ಬೆಲ್ಟಿಗೆ ಸಿಕ್ಕಿ, ರೆಪ್ಪೆ ಬಡಿಯುವುದರೊಳಗೆ ಚಿಂದಿಯಾಯಿತು. ಗೋಧಿಯ ಚೀಲವನ್ನು ಅಲ್ಲೇ ಬಿಟ್ಟೆ.

ಪುಸ್ತಕ ಹಿಡಿದು ಚನ್ನಗಿರಿಗೆ ನಡೆದೆ. ಅಲ್ಲಿನ ಹೆಡ್‌ಮಾಸ್ಟರರ ನಿಘಂಟು ತೆರೆದು ಪದಕ್ಕೊಂದು ಪದ ಹುಡುಕಿದೆ. ಬೆಲ್ಟು ಓಡುವಾಗ ಕೈ ದೂರವಿರಲಿ ಎಂದಿತ್ತು ಆ ಎರಡು ಸಾಲುಗಳಲ್ಲಿ. ಅಷ್ಟೇ.

ಸಂಜೆ ಗಿರಣಿಗೇ ಹೋಗಿ, "ಸಾಹೇಬ್ರೇ, ಆ ಸಾಲು ನನಗೆ ತಿಳಿದಿರ್ಲಿಲ್ಲ. ಊಹೆ ಮಾಡಿ ಹೇಳ್ದೆ" ಎಂದೆ. ಅವರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು.

"ಕೈ ಉಳೀತಲ್ಲ, ಚಾ ಕುಡೀರಿ" ಎಂದು ಫಾತಿಮಾಬಿ ಲೋಟ ಮುಂದಿಟ್ಟರು. ಆಮೇಲೆ ಪುಸ್ತಕವನ್ನೂ ಮುಂದಕ್ಕೆ ತಳ್ಳಿ, "ಮುಂದಿನ ಹಾಳೇಲಿ ಏನೈತೆ?" ಎಂದು ಕೇಳಿದರು.

ಅಲ್ಲಿ ಒಂದು ಗಾಲಿ, ಅದರ ಪಕ್ಕ ಬಾಣದಂಥ ಗುರುತು. ನಾನು ಬಹಳ ಹೊತ್ತು ನೋಡಿದೆ. ಕೊನೆಗೆ ಕನ್ನಡಕ ತೆಗೆದು, "ಗೊತ್ತಿಲ್ಲ" ಎಂದೆ. ಆ ಊರಿನಲ್ಲಿ ನಾನು ಹಾಗೆಂದದ್ದು ಅದೇ ಮೊದಲು.

ಫಾತಿಮಾಬಿ ಗಂಡನತ್ತ ತಿರುಗಿ ನಕ್ಕರು: "ಇನ್ಮೇಲೆ ಮೇಷ್ಟ್ರ ಮಾತು ನಂಬಬೋದು ನೋಡ್ರಿ."