ಅಪ್ಪನ ಮಂಚದ ಗಂಟೆ

ಇವತ್ತು ತೊಗರಿ ಒಣಹಾಕಿದೆ, ಹಾಲು ಕಾಸಿದೆ, ಕೌದಿಗಳನ್ನು ಬಿಸಿಲಿಗೆ ಹರವಿದೆ, ಶಹಾಪುರದ ಪೇಟೆಗೆ ಹೋಗಿ ಸೋಲ್ಡರಿಂಗ್ ತಂತಿ ತಂದೆ. ಅಪ್ಪ ರಾತ್ರಿ ಎದ್ದರೆ ನನ್ನ ಕೋಣೆಯಲ್ಲಿ ಗಂಟೆ ಬಾರಿಸಲೆಂದು ಒಂದು ಪುಟ್ಟ ಕಂಪ್ಯೂಟರ್ ಜೋಡಿಸಿ ಮಂಚಕ್ಕೆ ಕಟ್ಟಿದ್ದೆ. ಅಪ್ಪ ತೀರಿ ತಿಂಗಳಾಯಿತು. ಅಂದಿನಿಂದ ಅವ್ವನಿಗೆ ನಿದ್ದೆಯಿಲ್ಲ. ತುಂಬಿದಾಗ ಗೊತ್ತಾಗಲೆಂದು ನೀರಿನ ಟಾಕಿಗೆ ಹಾಕೋಣವೆಂದು ಅದನ್ನು ಬಿಚ್ಚುತ್ತಿದ್ದೆ.

“ಯಾಕ ಬಿಚ್ಚಾಕತ್ತಿ?” ಎಂದಳು ಅವ್ವ.

“ಇನ್ನ ಏಳವರು ಯಾರದಾರಬೇ?”

“ನೀ ನಿಮ್ಮಪ್ಪಗಷ್ಟೇ ಮಗ ಏನು? ನಾನೂ ರಾತ್ರಿ ಏಳತೀನಿ.”

ತಂತಿಗಳನ್ನು ಮತ್ತೆ ಬೆಸೆದು ಅವಳ ಮಂಚಕ್ಕೆ ಕಟ್ಟಿದೆ. ಅವಳು ಮಲಗಿ, ಎದ್ದು ನೋಡಿದಳು. ನನ್ನ ಕೋಣೆಯಲ್ಲಿ ಗಂಟೆ ಬಡಿಯಿತು.

“ದನಿ ಭಾಳ ಕೆಟ್ಟದ,” ಎಂದಳು.

ಚಳಿಗೆ ಒಲೆಯ ಮುಂದೆಯೇ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು. ಅವ್ವನಿಗೇ ಮೊದಲು ನಿದ್ದೆ ಹತ್ತಿತು.